ಮಿರಗದ (ಮೃಗಶಿರಾ) ಮಳೆ ಕೂಡುವ ಮೊದಲು ಉಗ್ರಾಣಕ್ಕೆ ಸೂರು ಹೊದಿಸಿಕೊಡಿ

ಊರಿನಲ್ಲಿರುವ, ಪುಣೆ, ಬೆಂಗಳೂರು ಸೇರಿರುವ ನಮ್ಮೆಲ್ಲ ದಾನಿಗಳಿಗೆ ಶರಣು ಶರಣಾರ್ಥಿಗಳು.

ಹೋದ ವಾರದ ಅಡ್ಡಮಳೆ, ಗಾಳಿಗೆ ಉಗ್ರಾಣದ ಪತ್ರಾಸ್ (ತಗಡಿನ ಸೂರು) ಒಂದು ಮಗ್ಗುಲು ಕಿತ್ತುಹೋಯಿತು. ನೀವು ಕಳಿಸಿದ ಹೊದಿಕೆ, ಮಕ್ಕಳ ನೋಟ್‌ಬುಕ್, ಜೋಳದ ಚೀಲ ಎಲ್ಲವೂ ತೊಯ್ದವು. ಹೊದಿಕೆಗಳನ್ನು ಒಣಗಿಸಿಕೊಂಡೆವು. ಜೋಳ ಮುಗ್ಗಿತು, ನೋಟ್‌ಬುಕ್‌ಗಳು ಮುದ್ದೆಯಾದವು. ನಂಬಿ ಕೊಟ್ಟವರಿಗೆ ಇದನ್ನು ಬರೆಯುವಾಗ ಸಂಕಟವಾಗುತ್ತಿದೆ.

ನಮ್ಮ ಸಂಸ್ಥೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. 1972ರ ಬರಗಾಲದಲ್ಲಿ ಮನೆಮನೆಯ ಹಿಡಿ ಜೋಳ ಕೂಡಿಸಿ ಗಂಜಿ ಕಾಸಿದವರು ನಮ್ಮ ಹಿರಿಯರು. 2009ರ ನೆರೆಯಲ್ಲಿ ಆ ಒಲೆ ಮತ್ತೆ ಹೊತ್ತಿತು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ, ರಾಮದುರ್ಗದ ಓಣಿಗಳಿಂದ ಪಟ್ಟದಕಲ್ಲಿನ ಗುಡಿಗಳವರೆಗೆ ನೀರು ನಿಂತಾಗಲೂ ನಮ್ಮ ದಾಸೋಹ ಒಂದು ದಿನ ನಿಲ್ಲಲಿಲ್ಲ. ನಮ್ಮ ತಾಯಂದಿರು ರಾತ್ರಿಯಿಡೀ ಕುಳಿತು ರೊಟ್ಟಿ ಬಡಿದರು.

ಆಗ ನಾಡಿನ ಮೂಲೆಮೂಲೆಯಿಂದ ಲಾರಿಗಳು ಬಂದವು. ಆ ಅಂತಃಕರಣವನ್ನು ಮರೆಯಲಾರೆವು. ಆದರೆ ಗಂಟು ಬಿಚ್ಚಿದರೆ ಹರಿದ ಪ್ಯಾಂಟು, ಗುಂಡಿಯಿಲ್ಲದ ಅಂಗಿ, ಒಂಟಿ ಚಪ್ಪಲಿಗಳೂ ಇದ್ದವು. ಮನೆ ಕಳೆದುಕೊಂಡು ಶಾಲೆಯ ಪಡಸಾಲೆಯಲ್ಲಿದ್ದ ಅಜ್ಜಿಯೊಬ್ಬರಿಗೆ ನಮ್ಮ ಹುಡುಗರು ಕೈಗೆ ಸಿಕ್ಕ ನೈಟಿ ಕೊಟ್ಟು ಬಂದರು. ಬದುಕಿಡೀ ಇಳಕಲ್ ಸೀರೆ ಉಟ್ಟ ಜೀವ ಅದು. ಆ ನೈಟಿಯನ್ನು ಮಡಚಿ ಪಕ್ಕದಲ್ಲಿಟ್ಟುಕೊಂಡು, ಮೈಮೇಲಿನ ಹಸಿ ಸೀರೆಯಲ್ಲೇ ಮೂರು ದಿನ ಕಳೆದರು. ಬೇರೆ ಇದೆಯೇ ಎಂದು ಕೇಳಲಿಲ್ಲ, ಕೇಳಿ ಅಭ್ಯಾಸವಿಲ್ಲದವರು. ತಪ್ಪು ನಮ್ಮದೇ.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಮೊದಲು ಮನೆಗೆ ಹೋಗಿ ಕೇಳಿ ಬರೆದುಕೊಳ್ಳುತ್ತೇವೆ, ಆಮೇಲೆ ಕೊಡುತ್ತೇವೆ. ಸಾಲಿನಲ್ಲಿ ನಿಲ್ಲಿಸುವುದಿಲ್ಲ, ಪಡೆಯುವವರ ಫೋಟೋ ತೆಗೆಯುವುದಿಲ್ಲ. ಹಾಗೆ ಕೇಳಿದ್ದರಿಂದಲೇ ಹೆಣ್ಣುಮಕ್ಕಳಿಗೆ ಸೀರೆಗಿಂತ ಮೊದಲು ಒಳಲಂಗ, ಕುಬಸದ ಕಣ (ರವಿಕೆ ಬಟ್ಟೆ), ಪ್ಯಾಡ್ ಬೇಕೆಂದು ತಿಳಿಯಿತು. ಬಾಣಂತಿಗೆ ಬಿಸಿನೀರಿನ ಪಾತ್ರೆ ಬೇಕು. ರೈತರಂತೂ ತಮ್ಮ ಊಟಕ್ಕೆ ಮೊದಲು ಎತ್ತುಗಳಿಗೆ ಕಣಿಕೆ (ಜೋಳದ ಒಣ ಮೇವು) ಕೇಳುತ್ತಾರೆ. ನಿಮ್ಮ ಮನೆಯ ಹಳೆಯ ಹತ್ತಿ ಸೀರೆಗಳನ್ನು ಒಗೆದು ಕೊಟ್ಟರೆ ನಮ್ಮ ತಾಯಂದಿರು ಕೌದಿ ಹೊಲಿಯುತ್ತಾರೆ. ಆ ಕೌದಿಗಳನ್ನು ನೀವು ನೋಡಬೇಕು! ಉಪಯೋಗಿಸಿ ಉಳಿದ ಮಾತ್ರೆ, ಔಷಧ ಮಾತ್ರ ದಯವಿಟ್ಟು ಬೇಡ.

ಇಷ್ಟನ್ನೆಲ್ಲ ಬೇರ್ಪಡಿಸಿ, ಅಳತೆವಾರು ಕಟ್ಟಿಡಲು ಒಣ ಜಾಗ ಬೇಕು. ಪತ್ರಾಸ್, ಕಬ್ಬಿಣ, ಕೂಲಿ ಸೇರಿ ಎರಡರಿಂದ ಎರಡೂವರೆ ಲಕ್ಷ ರೂಪಾಯಿ ಆದೀತೆಂದು ಕೆಲಸದವರು ಹೇಳಿದ್ದಾರೆ. ಮಿರಗದ ಮಳೆ ಜೂನ್ 8ರ ಹೊತ್ತಿಗೆ ಕೂಡುತ್ತದೆ. ಅದರೊಳಗೆ ಸೂರು ಹೊದಿಸಲೇಬೇಕು. ನಿಮ್ಮ ಕೈಲಾದಷ್ಟು ಕಳಿಸಿ. ಆದಾಯ ತೆರಿಗೆ ರಿಯಾಯಿತಿ ಬೇಕಾದವರು ಬ್ಯಾಂಕ್ ಮೂಲಕ ಕಳಿಸುವುದು ಒಳ್ಳೆಯದು. ನಗದಾಗಿ ಕೊಟ್ಟರೆ 2,000 ರೂಪಾಯಿ ಮೀರಿದ ದೇಣಿಗೆಗೆ ರಿಯಾಯಿತಿ ಸಿಗುವುದಿಲ್ಲ, ವಸ್ತುಗಳಿಗೂ ಇಲ್ಲ.

ಬಟ್ಟೆ, ಕಾಳುಕಡಿ ಕಟ್ಟಿಟ್ಟಿರುವವರು ಪತ್ರಾಸ್ ಹೊದಿಸುವವರೆಗೆ ನಿಮ್ಮಲ್ಲೇ ಇಟ್ಟುಕೊಂಡಿರಿ. ಕೆಲಸ ಮುಗಿದ ದಿನವೇ ತಿಳಿಸುತ್ತೇವೆ.

ವಿಶ್ವಸ್ತ ಮಂಡಳಿಯ ಪರವಾಗಿ,
ಕಾರ್ಯದರ್ಶಿ