ಹೊರುವ ಭಾರವನ್ನು ತೂಗಿ ನೋಡು

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಗಣಿತದ ಸಂಶೋಧನೆಗೆ ಈ ಸಲವೂ ನಿನ್ನನ್ನು ಆರಿಸಿಕೊಳ್ಳಲಿಲ್ಲವೆಂದು ಓದಿ ಸಂಕಟವಾಯಿತು. ಅದಕ್ಕಿಂತ ಹೆಚ್ಚು ಕಾಡಿದ್ದು ಕೊನೆಯ ಪುಟದಲ್ಲಿ ನೀನು ಬರೆದ ಮಾತು. ಹಗಲಿಡೀ ಕಚೇರಿ, ಸರಿರಾತ್ರಿಯವರೆಗೆ ಓದು, ಊಟ ತಪ್ಪಿದರೂ ಪರವಾಗಿಲ್ಲ, ಜ್ವರವಿದ್ದರೂ ಪುಸ್ತಕ ಮುಚ್ಚುವುದಿಲ್ಲ ಎಂದೆಲ್ಲ ಹೇಳಿ, 'ಕಷ್ಟಪಟ್ಟಷ್ಟೂ ಗಟ್ಟಿಯಾಗುತ್ತೇನೆ, ಅಲ್ಲವೇ ಅತ್ತೆ?' ಎಂದು ಕೇಳಿದ್ದೀಯೆ.

ಅಲ್ಲ ಪುಟ್ಟಿ. ಕಷ್ಟ ತಾನಾಗಿ ಯಾರನ್ನೂ ಗಟ್ಟಿ ಮಾಡುವುದಿಲ್ಲ. ನಾನು ದುಡಿದಷ್ಟು ಕಾಲವೂ ಮುರಿದ ಕಾಲಿನವರನ್ನು ಮತ್ತೆ ನಡೆಯಲು ಕಲಿಸಿದವಳು. ಆ ಕೆಲಸ ನನಗೆ ಬೇರೇನು ಕೊಟ್ಟಿತೋ ಬಿಟ್ಟಿತೋ, ಈ ಒಂದು ವಿಷಯದಲ್ಲಿ ಮಾತ್ರ ಅನುಮಾನ ಉಳಿಸಲಿಲ್ಲ.

ಮೂಳೆಯ ಸ್ವಭಾವವನ್ನು ನೋಡು. ಭಾರ ಬಿದ್ದ ಕಡೆ ಅದು ಬಲಿಯುತ್ತದೆ, ಭಾರ ತಪ್ಪಿದ ಕಡೆ ಸವೆಯುತ್ತದೆ. ಜೂಲಿಯಸ್ ವೊಲ್ಫ್ ಎಂಬ ಜರ್ಮನ್ ಶಸ್ತ್ರವೈದ್ಯರು 1892ರಲ್ಲಿ ಇದನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಗಗನಯಾತ್ರಿಗಳು ತೂಕವಿಲ್ಲದ ಸ್ಥಿತಿಯಲ್ಲಿ ವ್ಯಾಯಾಮ ಮಾಡದೆ ಇದ್ದರೆ, ದೇಹದ ಭಾರ ಹೊರುವ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಇಳಿಯುತ್ತದೆ. ಆದ್ದರಿಂದ ಭಾರವೇ ಬೇಡ ಎಂದು ನಿನಗೆ ಹೇಳುವವಳು ನಾನಲ್ಲ. ಮನೆಯವರು ಹಾಗೆ ಹೇಳಿದಾಗ ನೀನು ಸಿಟ್ಟಾದದ್ದು ಸರಿಯೇ.

ಆದರೆ ಮೂಳೆ ಬಲಿಯುವ ಬಗೆಯಲ್ಲಿ ಬಹುಮಂದಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಕೊರೆದು ತೆಗೆಯುತ್ತದೆ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ತೆಗೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಕಟ್ಟುವುದಕ್ಕೆ ತಿಂಗಳುಗಳು ಬೇಕು. ನಡುವಿನ ಆ ಅವಧಿಯಲ್ಲಿ ಮೂಳೆ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಆಗ ಬಿಡುವೇ ಇಲ್ಲದೆ ಮತ್ತೆ ಮತ್ತೆ ಭಾರ ಹೇರಿದರೆ ಸೀಳು ಬಿಡುತ್ತದೆ. ಸೈನ್ಯಕ್ಕೆ ಹೊಸದಾಗಿ ಸೇರಿ ದಿನವೂ ಮೈಲಿಗಟ್ಟಲೆ ಕವಾಯತು ನಡೆಯುವ ಆರೋಗ್ಯವಂತ ಯುವಕರ ಪಾದದ ಮೂಳೆ ಹೀಗೆ ಬಿರುಕು ಬಿಡುವುದುಂಟು. ಅವರು ಬಿದ್ದಿರುವುದಿಲ್ಲ, ಯಾವ ಏಟೂ ತಗುಲಿರುವುದಿಲ್ಲ. ಎದೆಗುಂದಿದವರೂ ಅಲ್ಲ, ಸೋಮಾರಿಗಳೂ ಅಲ್ಲ. ಕಟ್ಟುವ ಕೆಲಸಕ್ಕೆ ಸಮಯ ಸಿಗಲಿಲ್ಲ, ಅಷ್ಟೆ.

ನೀನು ಈಗ ಆ ನಡುವಿನ ಅವಧಿಯಲ್ಲಿದ್ದೀಯೆ ಎಂದು ನನ್ನ ಅಂದಾಜು. ಹಿಂದೆ ಒಂದು ಗಂಟೆಯಲ್ಲಿ ಅರ್ಥವಾಗುತ್ತಿದ್ದ ಪ್ರಮೇಯ ಈಗ ಇಡೀ ರಾತ್ರಿ ಕುಳಿತರೂ ತಲೆಗೆ ಹತ್ತುವುದಿಲ್ಲ ಎಂದು ಬರೆದಿದ್ದೀಯೆ. ಅದು ಬುದ್ಧಿ ಮಂಕಾದದ್ದರ ಗುರುತೆಂದು ಹೆದರಿ ಇನ್ನೂ ಒಂದು ಗಂಟೆ ನಿದ್ದೆ ಕಡಿಮೆ ಮಾಡಿಕೊಂಡೆಯಂತೆ. ಓದಿದ್ದು ಮನಸ್ಸಿನಲ್ಲಿ ನೆಲೆಯಾಗುವುದರಲ್ಲಿ ನಿದ್ದೆಗೆ ದೊಡ್ಡ ಪಾಲಿದೆ. ನಿದ್ದೆಗೆಟ್ಟು ಗಳಿಸಿದ ಆ ಗಂಟೆಯಿಂದ ನಿನಗಾಗುತ್ತಿರುವುದು ನಷ್ಟವೇ.

ನನ್ನ ಬಳಿ ಬರುತ್ತಿದ್ದವರಲ್ಲಿ ಎರಡು ಬಗೆಯವರಿದ್ದರು. ನೋವಿಗೆ ಹೆದರಿ ಕಾಲೂರದವರು ಒಂದು ಬಗೆ. ನೋವನ್ನು ಲೆಕ್ಕಿಸದೆ ಒಂದೇ ದಿನದಲ್ಲಿ ಓಡಿಬಿಡುತ್ತೇನೆ ಎನ್ನುವವರು ಇನ್ನೊಂದು. ಎರಡನೆಯವರನ್ನು ಎಲ್ಲರೂ ಹೊಗಳುತ್ತಿದ್ದರು, ನನಗೆ ಚಿಂತೆ ಹತ್ತಿಸುತ್ತಿದ್ದವರೂ ಅವರೇ. ಇಬ್ಬರಿಗೂ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: 'ನಿನ್ನೆಯ ನೋವು ಇವತ್ತು ಬೆಳಿಗ್ಗೆ ಹೇಗಿದೆ?' ವ್ಯಾಯಾಮ ಮಾಡುವಾಗ ನೋವು ಕಾಣಿಸಿಕೊಂಡು, ರಾತ್ರಿ ಕಳೆಯುವಷ್ಟರಲ್ಲಿ ಇಳಿದಿದ್ದರೆ ಭಾರ ಸರಿಯಾಗಿದೆ, ಸ್ವಲ್ಪ ಹೆಚ್ಚಿಸಬಹುದು. ಬೆಳಿಗ್ಗೆ ಎದ್ದಾಗ ನೋವು ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಭಾರ ಇಳಿಸಬೇಕು. ಎಷ್ಟು ಧೈರ್ಯವಂತರಾದರೂ ಸರಿ, ಇದರಲ್ಲಿ ರಿಯಾಯಿತಿ ಇರಲಿಲ್ಲ.

ಇದೇ ಪ್ರಶ್ನೆಯನ್ನು ನೀನೂ ಕೇಳಿಕೊಳ್ಳಬೇಕು. ಬಿಡಿಸಲಾಗದ ಲೆಕ್ಕವೊಂದು ರಾತ್ರಿ ನಿನ್ನನ್ನು ಅಳಿಸಿರಬಹುದು. ಬೆಳಿಗ್ಗೆ ಎದ್ದಾಗ ಅದರ ಹತ್ತಿರ ಮತ್ತೆ ಹೋಗಬೇಕೆನ್ನಿಸುತ್ತದೆಯೇ? ಹೌದಾದರೆ ಆ ಕಷ್ಟ ನಿನ್ನ ಕನಸಿಗೆ ಸೇರಿದ್ದು, ಅದನ್ನು ಬಿಡಬೇಡ. ಪುಸ್ತಕ ಕಂಡರೆ ಎದೆ ಭಾರವಾಗುತ್ತಿದೆ, ಅದೂ ವಾರಗಟ್ಟಲೆಯಿಂದ, ಎನ್ನುವುದಾದರೆ ಎಲ್ಲೋ ಭಾರ ಮಿತಿ ಮೀರಿದೆ. ಆಗ ಕನಸನ್ನು ಕೈಬಿಡಬೇಕಾಗಿಲ್ಲ. ದಿನಚರಿಯಲ್ಲಿ ಯಾವ ಭಾರ ಗಣಿತಕ್ಕೆ ಸಂಬಂಧವೇ ಇಲ್ಲದೆ ನಿನ್ನ ಮೇಲೆ ಕುಳಿತಿದೆ ಎಂದು ಹುಡುಕಿ ಅದನ್ನು ಕೆಳಗಿಳಿಸಬೇಕು. ಕ್ಲಿಷ್ಟವಾದ ಪ್ರಮೇಯದೊಡನೆ ಸೆಣಸುವ ಕಷ್ಟ ನಿನ್ನನ್ನು ಗಣಿತಜ್ಞೆಯನ್ನಾಗಿ ಮಾಡುತ್ತದೆ. ಉಪವಾಸ, ಜ್ವರ, ಒಬ್ಬಳೇ ಎಲ್ಲವನ್ನೂ ನುಂಗಿಕೊಳ್ಳುವುದು, ಇವು ಮಾಡುವುದಿಲ್ಲ.

ರಾಮಾನುಜನ್ ಅವರ ಹೆಸರು ಹೇಳಿದ್ದೀಯೆ. ಬಡತನದಲ್ಲೇ ಅರಳಿದರು ಎಂದು ಅವರ ಕಥೆಯನ್ನು ಹೇಳುವುದು ರೂಢಿ. ನನಗೆ ಆ ಕಥನದ ಬಗ್ಗೆ ಅಸಮಾಧಾನವಿದೆ. ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ನಪಾಸಾಗಿ, ಪದವಿಯಿಲ್ಲದೆ, ಕೆಲಸಕ್ಕಾಗಿ ಅಲೆದ ವರ್ಷಗಳು ಅವರಿಗೆ ಏನನ್ನೂ ಕೊಡಲಿಲ್ಲ, ಅವರಿಂದ ಕಿತ್ತುಕೊಂಡವು. ರಾಮಚಂದ್ರ ರಾವ್ ಎಂಬ ಅಧಿಕಾರಿ ಕೆಲಕಾಲ ಖರ್ಚಿಗೆ ಹಣ ಕೊಟ್ಟರು. 1912ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. 1913ರ ಜನವರಿಯಲ್ಲಿ ಅವರು ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಯವರಿಗೆ ಪತ್ರ ಬರೆದರು, ಅದೇ ವರ್ಷ ಮದರಾಸು ವಿಶ್ವವಿದ್ಯಾಲಯ ಸಂಶೋಧನಾ ವೇತನ ಕೊಟ್ಟು ಗುಮಾಸ್ತೆಗಿರಿಯಿಂದ ಬಿಡಿಸಿತು. ಭಾರ ಒಂದೊಂದಾಗಿ ಇಳಿದಂತೆ ಅವರಿಗೆ ಪೂರ್ತಿಯಾಗಿ ಗಣಿತಕ್ಕೆ ಒಪ್ಪಿಸಿಕೊಳ್ಳಲು ಸಾಧ್ಯವಾಯಿತು. 1920ರಲ್ಲಿ ಕಾಯಿಲೆಯಿಂದ ತೀರಿಕೊಂಡಾಗ ಅವರಿಗೆ ಬರೀ 32 ವರ್ಷ. ಆ ಆಯಸ್ಸನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಅವರ ಪ್ರತಿಭೆಯನ್ನು ಆರಾಧಿಸು, ಬವಣೆಯನ್ನು ಅನುಕರಿಸಬೇಡ.

ಅವರಿಗಿಂತಲೂ ನಿನಗೆ ಹತ್ತಿರವೆನ್ನಿಸಬೇಕಾದವರು ಮೇರಿ ಕ್ಯೂರಿ ಎಂದು ನನ್ನ ಅಭಿಪ್ರಾಯ. ಅವರೂ ಅಕ್ಕ ಬ್ರೋನ್ಯಾ ಅವರೂ ಹುಡುಗಿಯರಾಗಿದ್ದಾಗಲೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ಮೊದಲು ಅಕ್ಕ ಪ್ಯಾರಿಸ್‌ಗೆ ಹೋಗಿ ವೈದ್ಯಕೀಯ ಓದುವುದು, ಅಲ್ಲಿಯವರೆಗೆ ತಂಗಿ ದುಡಿದು ಹಣ ಕಳುಹಿಸುವುದು. ಆಮೇಲೆ ಅಕ್ಕನ ಆಸರೆಯಲ್ಲಿ ತಂಗಿಯ ಓದು. ಪರರ ಮನೆಯ ಮಕ್ಕಳಿಗೆ ಪಾಠ ಹೇಳುತ್ತ ವರ್ಷಗಳನ್ನು ಕಳೆದು, 1891ರಲ್ಲಿ ಅವರು ಪ್ಯಾರಿಸ್ ತಲುಪಿದಾಗ ವಯಸ್ಸು 24ರ ಹತ್ತಿರ. ನಿನಗೆ ತಡವಾಯಿತೆಂಬ ಕೊರಗು ಇದೆಯಲ್ಲ, ಅದಕ್ಕಾಗಿ ಇದನ್ನು ಬರೆದೆ. ಅಲ್ಲಿಯೂ ಅರೆಹೊಟ್ಟೆಯಲ್ಲಿ ಓದಿ ಒಮ್ಮೆ ತಲೆಸುತ್ತಿ ಬಿದ್ದಾಗ, ಬ್ರೋನ್ಯಾ ದಂಪತಿ ಅವರನ್ನು ತಮ್ಮ ಮನೆಗೆ ಕರೆದೊಯ್ದು ಆರೈಕೆ ಮಾಡಿದರು. 1893ರಲ್ಲಿ ಭೌತಶಾಸ್ತ್ರದ ಪದವಿಯಲ್ಲಿ ಮೊದಲ ಸ್ಥಾನ, 1894ರಲ್ಲಿ ಗಣಿತದ ಪದವಿಯಲ್ಲಿ ಎರಡನೆಯ ಸ್ಥಾನ. ಆ ಎರಡನೆಯ ಪದವಿಗೆ ನೆರವಾದದ್ದು ಒಂದು ವಿದ್ಯಾರ್ಥಿವೇತನ. ಮುಂದೆ ಸಂಪಾದನೆ ಶುರುವಾದ ಮೇಲೆ ಆ ಹಣವನ್ನು ಅವರು ತಾವಾಗಿಯೇ ಹಿಂತಿರುಗಿಸಿದರು. ನೆರವು ಪಡೆಯುವಾಗ ಸಂಕೋಚವಿಲ್ಲ, ತೀರಿಸುವಾಗ ಮರೆವಿಲ್ಲ. ಎಂಥ ಅಚ್ಚುಕಟ್ಟಾದ ಹೆಣ್ಣುಮಗಳು!

ನಿನ್ನ ಸ್ವಾಭಿಮಾನ ನನಗೆ ಗೊತ್ತು, ಅದು ನಮ್ಮ ಮನೆತನದ್ದೇ. ಆದರೆ 'ಯಾರ ಹಂಗೂ ಬೇಡ' ಎಂಬ ಹಟ ಬೇರೆ. ನಿನ್ನನ್ನು ಆರಿಸಿಕೊಳ್ಳದವರ ಬಳಿ, ಎಲ್ಲಿ ಕೊರತೆಯಾಯಿತು ಎಂದು ಕೇಳಿ ತಿಳಿದುಕೋ. ಕೇಳುವುದು ಅವಮಾನವಲ್ಲ. ನಿನ್ನ ಹಳೆಯ ಅಧ್ಯಾಪಕಿಗೂ ಬರೆ. ಮುಂದಿನ ಅರ್ಜಿಗೆ ಇನ್ನೂ ಸಮಯವಿದೆ, ಅಲ್ಲಿಯವರೆಗೆ ವಾರದಲ್ಲಿ ಒಂದು ದಿನ ಪುಸ್ತಕ ಮುಟ್ಟಬೇಡ. ಇದು ಬೇಡಿಕೆಯಲ್ಲ, ಅತ್ತೆಯ ಅಪ್ಪಣೆ ಎಂದೇ ತಿಳಿ.

ಇನ್ನೊಂದು ವಿಷಯ. ಮನೆಯ ಸಾಲದ ಕಂತಿಗಾಗಿಯೇ ನೀನು ರಜೆಯ ದಿನಗಳಲ್ಲೂ ಹೆಚ್ಚುವರಿ ಕೆಲಸ ಹಿಡಿದಿದ್ದೀಯೆ ಎಂದು ನಿನ್ನ ಅಪ್ಪ ಬಾಯಿಬಿಟ್ಟಿದ್ದಾನೆ. ಬರುವ ತಿಂಗಳಿನಿಂದ ಆ ಕಂತನ್ನು ನಾನು ಕಟ್ಟುತ್ತೇನೆ, ನಿನ್ನ ಅಪ್ಪನೊಂದಿಗೆ ಮಾತಾಗಿದೆ. ಉಡುಗೊರೆ ಎಂದರೆ ನೀನು ಒಪ್ಪುವವಳಲ್ಲ, ಆದ್ದರಿಂದ ಸಾಲವೆಂದೇ ಬರೆದಿಟ್ಟುಕೋ. ನಿನ್ನ ಕಾಲ ಬಂದಾಗ ತೀರಿಸುವೆಯಂತೆ. ಹೆಚ್ಚುವರಿ ಕೆಲಸಕ್ಕೆ ಈ ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟು ನನಗೆ ತಿಳಿಸು.

ಇಂತು,
ನಿನ್ನ ಅತ್ತೆ