ಬರೆಯುವಾಗ ಬರೆಯಲಿ, ತಿದ್ದುವಾಗ ತಿದ್ದಲಿ

ಮಾನ್ಯರೇ,

ದೀಪಾವಳಿ ಸಂಚಿಕೆಗಳ ಕಥಾಸ್ಪರ್ಧೆಗೆ ಆಹ್ವಾನ ಬಂದಾಗ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮಂದಿ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಹೊಸ ನೋಟ್‌ಬುಕ್ಕನ್ನೂ ತರುತ್ತಾರೆ. ಕೊನೆಯ ದಿನಾಂಕದ ಹೊತ್ತಿಗೆ ಅದರಲ್ಲಿ ಉಳಿಯುವುದು ಮೂರು ಸಲ ಬರೆದು ಹೊಡೆದುಹಾಕಿದ ಮೊದಲ ವಾಕ್ಯ. ಸ್ಫೂರ್ತಿ ಬರಲಿಲ್ಲ, ನಮಗೆ ಪ್ರತಿಭೆ ಇಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ನಿಜವಾದ ತೊಡಕು ಅದಲ್ಲ. ಬರೆಯುವುದನ್ನೂ ತಿದ್ದುವುದನ್ನೂ ಒಂದೇ ಹೊತ್ತಿಗೆ ಮಾಡಲು ಹೋಗುವುದರಿಂದ ಕೈ ಕಟ್ಟುತ್ತದೆ.

ಮೊದಲು ಆ ಹೊಸ ನೋಟ್‌ಬುಕ್ಕನ್ನು ಬದಿಗಿಡಬೇಕು. ಒಂದು ಬದಿ ಅಚ್ಚಾದ ಹಾಳೆಯ ಹಿಂಬದಿಯಲ್ಲಿ ಬರೆದರೆ ಕೆಡುತ್ತದೆಂಬ ಅಳುಕು ಇರುವುದಿಲ್ಲ. ಬಾಲ್‌ಪೆನ್ನೇ ಇರಲಿ, ಪೆನ್ಸಿಲ್ ಹಿಡಿದರೆ ಕೈ ರಬ್ಬರಿಗೆ ಹೋಗುತ್ತದೆ. ದಿನಕ್ಕೆ 15 ನಿಮಿಷ, ಅದೇ ಹೊತ್ತು, ಅದೇ ಜಾಗ. ಮೊಬೈಲಿನಲ್ಲಿ ಅಲಾರಂ ಇಟ್ಟು ಪಕ್ಕದ ಕೋಣೆಯಲ್ಲಿ ಬಿಡಿ. ಪದ ಹೊಳೆಯದಿದ್ದರೆ ಆ ಜಾಗದಲ್ಲಿ ಗೀಟು ಎಳೆದು ಮುಂದೆ ಹೋಗಿ, ಹಿಂದಿನ ಸಾಲು ಓದಬೇಡಿ. ಅಲಾರಂ ಹೊಡೆದಾಗ ವಾಕ್ಯ ಅರ್ಧದಲ್ಲಿದ್ದರೆ ಹಾಗೇ ಬಿಟ್ಟು ಏಳಿ. ಮರುದಿನ ಖಾಲಿ ಹಾಳೆಯ ಎದುರು ಕೂರುವ ಕಷ್ಟ ತಪ್ಪುತ್ತದೆ, ಅರ್ಧ ವಾಕ್ಯ ಮುಗಿಸಿದರೆ ಕೈ ಓಡುತ್ತದೆ. ಮೊದಲ ವಾರ ಚೆನ್ನಾಗಿ ಸಾಗಿತೆಂದು ಒಂದು ಗಂಟೆಗೆ ಏರಿಸುವವರು ಮರುವಾರವೇ ಬಿಟ್ಟುಬಿಡುತ್ತಾರೆ. ಹದಿನೈದೇ ಇರಲಿ.

ನಮ್ಮ ಕಡೆಯವರಿಗೆ ಇನ್ನೂ ದೊಡ್ಡ ತೊಡಕು ಭಾಷೆಯದು. ಬಾಯಲ್ಲಿ ‘ಅಜ್ಜಿ ಗೊರಬು ಹಾಕ್ಕಂಡು ಸಸಿ ಕೀಳೋಕೆ ಹೋದ್ಲು’ ಎನ್ನುವವರು ಹಾಳೆ ಕಂಡೊಡನೆ ‘ವೃದ್ಧೆಯೊಬ್ಬಳು ವರ್ಷಧಾರೆಯನ್ನು ಲೆಕ್ಕಿಸದೆ ಗದ್ದೆಯತ್ತ ಸಾಗಿದಳು’ ಎಂದು ಬರೆಯುತ್ತಾರೆ. ಮಳೆಗೆ ಹೊದೆಯುವ ಗೊರಬು ಹೋಯಿತು, ಸಸಿ ಹೋಯಿತು, ಅಜ್ಜಿಯೂ ಹೋದಳು. ಮುಂದಿನ ಸಾಲು ಹುಟ್ಟದಿರುವುದು ಇದರಿಂದ. ಮನೆಯ ಒಂದು ವಸ್ತು ಹಿಡಿದು, ಅಡಿಕೆ ಸುಲಿಯುವ ಮೆಟ್ಟುಗತ್ತಿಯೋ ಬಚ್ಚಲ ಹಂಡೆಯೋ, ಹತ್ತು ಸಾಲು ಬರೆದು ನೋಡಿ: ಅದನ್ನು ಯಾರು ಮುಟ್ಟುತ್ತಾರೆ, ಯಾವ ಹೊತ್ತಿಗೆ, ಹೇಗೆ ಸದ್ದಾಗುತ್ತದೆ. ಉಪಮೆ ಬೇಡ. ಏಳೆಂಟನೇ ಸಾಲಿನ ಹೊತ್ತಿಗೆ ಆ ಕತ್ತಿಯ ಮುಂದೆ ಕೂತವರ ಮಾತು ತಾನಾಗಿ ಶುರುವಾಗುತ್ತದೆ.

ಹತ್ತು ಮನೆಯ ಊರಿನಲ್ಲಿ ‘ಓದಿದವರು ಗುರುತು ಹಿಡಿದರೆ?’ ಎಂಬ ಹೆದರಿಕೆ ಸಣ್ಣದಲ್ಲ. ಮೊದಲ ಕರಡಿನಲ್ಲಿ ನಿಜವಾದ ಹೆಸರೇ ಇರಲಿ, ಯಾರಿಗೂ ತೋರಿಸಬೇಡಿ. ತಿದ್ದುವಾಗ ಹೆಸರಿನ ಜೊತೆಗೆ ಕಸುಬು, ಸಂಸಾರದ ಲೆಕ್ಕ, ಊರು ಎಲ್ಲವೂ ಬದಲಾಗಬೇಕು.

ಕುವೆಂಪು ಬೆಳೆದ, ಅನಂತಮೂರ್ತಿ ಹುಟ್ಟಿದ ತಾಲ್ಲೂಕಿನಲ್ಲಿ ನಾವೇನು ಬರೆಯುವುದು ಎಂದು ಹಿಂಜರಿಯುವವರೂ, ವಯಸ್ಸಾಯಿತು ಎನ್ನುವವರೂ ಇದ್ದಾರೆ. ಅದೇ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ಬಂದದ್ದು 1963ರಲ್ಲಿ.

ಕರಡು ಮುಗಿದ ಮೇಲೆ ಹತ್ತು ದಿನ ಮುಚ್ಚಿಡಬೇಕು. ಆಮೇಲೆ ಕೆಂಪು ಪೆನ್ನು ಹಿಡಿದು ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದಲ್ಲಿ ಗುರುತು ಹಾಕಿ. ಬಹಳ ಸಲ ಮೊದಲ ಪ್ಯಾರಾ ಪೂರ್ತಿ ಹಾರಿಸಬಹುದು. ಕಥೆ ಶುರುವಾಗುವುದು ಎರಡನೆಯದರಿಂದ.

ಈ ಲೆಕ್ಕದಲ್ಲಿ ಕರಡಿಗೆ ಒಂದು ತಿಂಗಳು, ಮುಚ್ಚಿಡಲು ಹತ್ತು ದಿನ, ಎರಡು ಸಲ ತಿದ್ದಲು ಇನ್ನೊಂದು ತಿಂಗಳು ಬೇಕು. ಆದ್ದರಿಂದ ಸ್ಪರ್ಧೆಯ ಆಹ್ವಾನವನ್ನು ಕೊನೆಯ ದಿನಾಂಕಕ್ಕೆ ಮೂರು ತಿಂಗಳು ಮೊದಲೇ ಪ್ರಕಟಿಸಿ, ‘ಆಡುಮಾತಿನಲ್ಲಿ ಬರೆದ ಕಥೆಗಳಿಗೂ ಸ್ವಾಗತ’ ಎಂಬ ಒಂದು ಸಾಲನ್ನು ನಿಯಮಗಳಲ್ಲಿ ಸೇರಿಸಬೇಕೆಂದು ಕೋರುತ್ತೇವೆ.

– ಕಥಾಕಮ್ಮಟ ನಡೆಸುವ ಇಬ್ಬರು ಶಿಕ್ಷಕರು, ತೀರ್ಥಹಳ್ಳಿ