ಮಸುಕು ಫೋಟೊಗೆ ‘ನಾರ್ಮಲ್’ ಮುದ್ರೆ ಬೇಡ

ಮಾನ್ಯ ಸಂಪಾದಕರೇ,

ಮಂಡ್ಯ ಜಿಲ್ಲೆಯ ಕೆಲವು ಕಣ್ಣಿನ ಶಿಬಿರಗಳಲ್ಲಿ ಪೊರೆ ತಪಾಸಣೆಯ ಜತೆಗೆ ಶುಗರ್ ಇರುವವರ ರೆಟಿನಾ (ಕಣ್ಣಿನ ಹಿಂಬದಿಯ ಅಕ್ಷಿಪಟ) ಫೋಟೊವನ್ನೂ ತೆಗೆಯುತ್ತಿದ್ದಾರೆ. ಆಗಬೇಕಾದ ಕೆಲಸವೇ. ಬೋರ್ಡಿನ ಕೊನೆಯ ಸಾಲನ್ನು ಸಲೀಸಾಗಿ ಓದುವವರ ರೆಟಿನಾದಲ್ಲೂ ಶುಗರ್ ಕಾಯಿಲೆಯಿಂದ ರಕ್ತ ಜಿನುಗಿರಬಹುದು. ನಡುಭಾಗದ ಮ್ಯಾಕ್ಯುಲಾಗೆ ತೊಂದರೆ ತಟ್ಟುವವರೆಗೆ ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಫೋಟೊ ಮಸುಕಾಗಿ ಬಂದಾಗಲೂ ಚೀಟಿಯಲ್ಲಿ ‘ನಾರ್ಮಲ್’ ಎಂದು ಬರೆದು ಕಳಿಸುವ ಅಭ್ಯಾಸ ಅಪಾಯಕಾರಿ. ಪರೀಕ್ಷೆಯೇ ಆಗದಿದ್ದರೆ ರೋಗಿ ಇನ್ನೊಂದು ಕಡೆಯಾದರೂ ತೋರಿಸಿಕೊಂಡಾನು. ಈ ಚೀಟಿ ಕೈಗೆ ಬಂದರೆ ಅದೂ ಇಲ್ಲ.

ಮಸುಕಿಗೆ ಮುಖ್ಯ ಕಾರಣ ಬೆಳಕು. ಪಾಪೆ ಅರಳಿಸುವ ಹನಿ ಹಾಕದೆ ಕಣ್ಣಿನ ಹಿಂಬದಿಯ ಫೋಟೊ ತೆಗೆಯುವ ಫಂಡಸ್ ಕ್ಯಾಮೆರಾಕ್ಕೂ ಪಾಪೆ ಸುಮಾರು 4 ಮಿ.ಮೀ. ತೆರೆದಿರಬೇಕು. ಶಾಮಿಯಾನದಡಿಯ ಹಗಲು ಬೆಳಕಿನಲ್ಲಿ ಅದು ಆಗದ ಮಾತು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಯಲ್ಲಿ ರೋಗಿಯನ್ನು ಐದು ನಿಮಿಷವಾದರೂ ಕೂರಿಸಬೇಕು. ಒಂದು ಕಣ್ಣಿಗೆ ಫ್ಲ್ಯಾಶ್ ಬಿದ್ದರೆ ಎರಡೂ ಪಾಪೆ ಕುಗ್ಗುತ್ತವೆ, ಹಾಗಾಗಿ ಇನ್ನೊಂದು ಕಣ್ಣಿಗೆ ಅವಸರ ಮಾಡಬಾರದು. ವಯಸ್ಸಾದವರಿಗೆ, ಬಹಳ ವರ್ಷದಿಂದ ಶುಗರ್ ಇರುವವರಿಗೆ ಕತ್ತಲಲ್ಲೂ ಪಾಪೆ ಸರಿಯಾಗಿ ಅರಳದು. ಅಂಥವರಿಗೆ ಕಣ್ಣಿನ ಮುಂಭಾಗದಲ್ಲಿ ದ್ರವ ಹರಿದುಹೋಗುವ ಕೋನ ಕಿರಿದಾಗಿಲ್ಲವೇ ಎಂದು ಟಾರ್ಚಿನಲ್ಲಿ ನೋಡಿಕೊಂಡು ಟ್ರೋಪಿಕಮೈಡ್ ಹನಿ ಹಾಕಿ, 20 ನಿಮಿಷ ಕಾಯಬೇಕು. ನಾಲ್ಕಾರು ಗಂಟೆ ಕಣ್ಣು ಮಂಜಾಗಿರುತ್ತದೆ, ಬೈಕ್ ಓಡಿಸಬೇಡಿ ಎಂಬುದನ್ನು ಹನಿ ಹಾಕಿದ ಮೇಲಲ್ಲ, ಮೊದಲೇ ಹೇಳಬೇಕು.

ಒಂದೊಂದು ಕಣ್ಣಿಗೆ ಎರಡು ಫೋಟೊ: ಒಂದರಲ್ಲಿ ಮ್ಯಾಕ್ಯುಲಾ ನಡುವಿಗೆ, ಇನ್ನೊಂದರಲ್ಲಿ ದೃಷ್ಟಿನರ ಕಣ್ಣಿಗೆ ಸೇರುವ ಬಿಲ್ಲೆ ನಡುವಿಗೆ. ಮ್ಯಾಕ್ಯುಲಾ ಸುತ್ತಲಿನ ಕೂದಲೆಳೆಯಂಥ ರಕ್ತನಾಳಗಳು ಬಿಡಿಬಿಡಿಯಾಗಿ ಕಾಣಬೇಕು. ಕಾಣದಿದ್ದರೆ ಆ ಫೋಟೊ ಲೆಕ್ಕಕ್ಕಿಲ್ಲ. ಕಾಯಿಲೆಯ ಮೊದಲ ಗುರುತಾದ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಅದಕ್ಕಿಂತ ಸೂಕ್ಷ್ಮ. ಹಸಿರು ಫಿಲ್ಟರ್ ಹಾಕಿ ನೋಡಿದರೆ ಅವು ಕಪ್ಪಾಗಿ ಎದ್ದು ಕಾಣುತ್ತವೆ. ಚುಕ್ಕೆಯೊಂದು ಎರಡೂ ಕಣ್ಣಿನಲ್ಲಿ, ಮುಂದಿನ ರೋಗಿಯ ಕಣ್ಣಿನಲ್ಲೂ ಅದೇ ಜಾಗದಲ್ಲಿ ಕಂಡರೆ ಅದು ರಕ್ತವಲ್ಲ, ಲೆನ್ಸಿನ ದೂಳು. ಮೊದಲು ಬ್ಲೋಯರ್‌ನಿಂದ ಊದಿ, ಆಮೇಲೆ ಲೆನ್ಸ್ ಪೇಪರ್‌ನಿಂದ ಒರೆಸಬೇಕು. ಹೆಗಲ ಮೇಲಿನ ಟವೆಲ್ ತಾಗಿಸಬಾರದು.

ಇಷ್ಟೆಲ್ಲ ಮಾಡಿದರೂ ಪೊರೆ ಬಲಿತವರ ಫೋಟೊ ಮಂಜಾಗಿಯೇ ಬರಬಹುದು. ಅಲ್ಲಿ ‘ನೋಡಲಾಗಲಿಲ್ಲ’ ಎಂದು ಬರೆದು ನೇತ್ರತಜ್ಞರ ಬಳಿ ಕಳಿಸುವುದೊಂದೇ ದಾರಿ. ಈಚೆಗೆ ಫೋಟೊ ಓದಲು ಎಐ ತಂತ್ರಾಂಶವೂ ಬಂದಿದೆ. ವೈದ್ಯರ ನೆರವಿಲ್ಲದೆ ತೀರ್ಪು ಕೊಡುವ ಇಂಥದ್ದೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಒಪ್ಪಿಗೆ ನೀಡಿತು. ಒಳ್ಳೆಯ ತಂತ್ರಾಂಶ ಮಸುಕು ಫೋಟೊವನ್ನು ತಾನೇ ತಿರಸ್ಕರಿಸುತ್ತದೆ. ಅದನ್ನು ‘ನಾರ್ಮಲ್’ ಕಾಲಂಗೆ ತಳ್ಳುವವರು ನಾವು. ಇನ್ನೊಂದು ಮಿತಿಯೂ ಇದೆ. ಮ್ಯಾಕ್ಯುಲಾದ ಊತ ಚಪ್ಪಟೆ ಫೋಟೊದಲ್ಲಿ ನೇರವಾಗಿ ಕಾಣದು. ಹಳದಿ ಕಲೆಗಳು ಅಲ್ಲಿಗೆ ಹತ್ತಿರವಿದ್ದರೆ, ದೃಷ್ಟಿ ಇಳಿದಿದ್ದರೆ ರೆಟಿನಾದ ಪದರಗಳನ್ನು ಅಡ್ಡ ಸೀಳಿದಂತೆ ತೋರಿಸುವ ಒಸಿಟಿ ಸ್ಕ್ಯಾನ್ ಬೇಕು.

ಟೈಪ್ 2 ಶುಗರ್ ಇದೆಯೆಂದು ಗೊತ್ತಾದ ಕೂಡಲೇ ಮೊದಲ ಫೋಟೊ, ಆಮೇಲೆ ವರ್ಷಕ್ಕೊಮ್ಮೆ. ಟೈಪ್ 1 ಇದ್ದರೆ ಐದು ವರ್ಷದೊಳಗೆ ಮೊದಲನೆಯದು. ಮೊದಲೇ ಶುಗರ್ ಇದ್ದು ಗರ್ಭಿಣಿಯಾದವರಿಗೆ ಮೊದಲ ಮೂರು ತಿಂಗಳಲ್ಲೇ ಆಗಬೇಕು, ಬಸಿರಿನ ಅವಧಿಯಲ್ಲಿ ರೆಟಿನಾ ಬೇಗ ಕೆಡುವುದುಂಟು.

ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಶುಗರ್, ಬಿಪಿಯಂಥ ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ ರಿಜಿಸ್ಟರಿನಲ್ಲಿ ‘ನಾರ್ಮಲ್’, ‘ತೊಂದರೆ ಇದೆ’ ಎಂಬೆರಡು ಕಾಲಂ ಪಕ್ಕದಲ್ಲಿ ‘ನೋಡಲಾಗಲಿಲ್ಲ’ ಎಂಬ ಮೂರನೆಯದನ್ನೂ ಆರೋಗ್ಯ ಇಲಾಖೆ ಸೇರಿಸಲಿ. ಅದರಲ್ಲಿ ಹೆಸರಿರುವವರ ಕಾರ್ಡಿನಲ್ಲಿ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಬೇಕಾದ ದಿನಾಂಕವನ್ನೂ ಬರೆದುಕೊಡಲಿ.

– ನಿವೃತ್ತ ನೇತ್ರಾಧಿಕಾರಿ, ಮಂಡ್ಯ